ಉಗುರಿನ ಬುಡಕ್ಕೆ ಕತ್ತರಿ ಬೇಡ

ಮನೆಯಲ್ಲೇ ಮ್ಯಾನಿಕ್ಯೂರ್ ಮಾಡಿಕೊಳ್ಳುವವರ ಮೇಲೆ ನನಗೆ ತಕರಾರಿಲ್ಲ. ದುಡ್ಡು ಉಳಿಯುತ್ತದೆ, ಒಬ್ಬರ ಕತ್ತರಿ ಇನ್ನೊಬ್ಬರ ಬೆರಳಿಗೆ ತಾಗುವುದೂ ತಪ್ಪುತ್ತದೆ. ಆದರೆ ಪಾರ್ಲರಿನ ವಿಧಿಯನ್ನು ಹಾಗೇ ಮನೆಗೆ ತರುತ್ತಾರೆ: ಬಿಸಿನೀರಿನಲ್ಲಿ ಬೆರಳು ನೆನೆಸಿ, ಬುಡದ ತೊಗಲು ಹಿಂದಕ್ಕೊತ್ತಿ, ಕತ್ತರಿಸಿ, ಬಣ್ಣ ಹಚ್ಚುವುದು. ಇದನ್ನು ಮಾತ್ರ ನಾನು ವಿನಯದಿಂದಲೇ ಒಪ್ಪಲಾರೆ.

ನಮ್ಮ ಹುಬ್ಬಳ್ಳಿಯ ಗಬ್ಬೂರನ್ನೇ ನೋಡಿ. ಬೆಳಗಾದರೆ ಸುಡುನೀರು ಹಾಕಿ ಜೋಳದ ಹಿಟ್ಟು ನಾದಬೇಕು, ರೊಟ್ಟಿ ಬಡಿಯಬೇಕು, ಭಾಂಡೆ ತಿಕ್ಕಬೇಕು, ಅರಿವೆ ಒಗೆಯಬೇಕು. ಈ ಕೈಗಳು ನೆನೆದೇ ಇರುತ್ತವೆ, ಮತ್ತೆ ನೆನೆಸುವುದೇಕೆ? ಉಗುರು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಇದೇ ನಡೆಯುತ್ತಿದ್ದರೆ ತುದಿ ಪದರು ಪದರಾಗಿ ಸೀಳುತ್ತದೆ. ಒದ್ದೆ ಉಗುರಿಗೆ ಹಚ್ಚಿದ ಬಣ್ಣವೂ ಬೇಗ ಎದ್ದು ಬರುತ್ತದೆ.

ಬುಡದ ತೊಗಲಿನ ವಿಷಯ ಇನ್ನೂ ಗಂಭೀರ. ಅದು ಉಗುರಿಗೂ ಚರ್ಮಕ್ಕೂ ನಡುವಿನ ಸಂದನ್ನು ಮುಚ್ಚಿ ನೀರು, ಸೋಪು, ರೋಗಾಣುಗಳನ್ನು ತಡೆಯುತ್ತದೆ. ಅದನ್ನು ಕತ್ತರಿಸಿ ಮತ್ತೆ ಭಾಂಡೆ ತಿಕ್ಕಲು ಕೂತರೆ ಉಗುರುಸುತ್ತಿಗೆ ನಾವೇ ಬಾಗಿಲು ತೆರೆದಂತೆ. ಬಹುಕಾಲ ಕಾಡುವ ಉಗುರುಸುತ್ತು ಹೆಚ್ಚಾಗಿ ಬರುವುದು ನೀರಿನಲ್ಲಿ ಕೈಯಿಟ್ಟು ದುಡಿಯುವವರಿಗೇ. ಸಕ್ಕರೆ ಕಾಯಿಲೆಯಿದ್ದರಂತೂ ವಾಸಿಯಾಗಲು ತಡ.

ಕತ್ತರಿಸದಿದ್ದರೆ ಬೆರಳು ಚಂದ ಕಾಣುವುದಿಲ್ಲ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಚಂದವಾಗಿ ಕಾಣುವ ಆಸೆ ದುಡಿಯುವ ಕೈಗೂ ಇರಬೇಕು. ಉಗುರಿನ ಮೇಲೆ ಹರಡಿದ ಸತ್ತ ಪೊರೆ ಸ್ನಾನದ ನಂತರ ಟವೆಲ್ಲಿನಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ. ಸಿಬಿರೆದ್ದಿದ್ದರೆ ಎಳೆಯಬೇಡಿ, ಅಷ್ಟನ್ನೇ ಕತ್ತರಿಸಿ. ಉಗುರು ಮೆತ್ತಗಿರುವಾಗಲೇ ಗಿಡ್ಡಗೆ ತೆಗೆಯಿರಿ. ಉದ್ದ ಉಗುರಿಗೆ ಹಿಟ್ಟು ಮೆತ್ತುತ್ತದೆ, ಬಡಿಯುವಾಗ ರೊಟ್ಟಿಯೂ ಹರಿಯುತ್ತದೆ. ಉಜ್ಜಿ ನಯ ಮಾಡುವುದನ್ನು ಮಾತ್ರ ಒಣಗಿದ ಮೇಲೆ ಮಾಡಿ. ರಾತ್ರಿ ಕೆಲಸ ಮುಗಿದ ಮೇಲೆ ಬೆರಳ ಸಂದಿಗಳನ್ನೂ ಒರೆಸಿ, ಬುಡಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿ. ಅಷ್ಟೇ ಸಾಕು.

ಬಣ್ಣ ಬೇಕೆನ್ನುವವರಿಗೆ ಮದರಂಗಿ ನನ್ನ ಮೊದಲ ಆಯ್ಕೆ. ಅದರ ಲಾಸೋನ್ ಎಂಬ ವಸ್ತು ಉಗುರಿನ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಸುಲಿಯುವುದಿಲ್ಲ, ತೆಗೆಯಲು ಅಸಿಟೋನ್ ಬೇಕಿಲ್ಲ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುವುದರಿಂದ ಆ ಕೆಂಪು ಮೆಲ್ಲಗೆ ತುದಿಗೆ ಸರಿದು ಹೋಗುತ್ತದೆ. ಕಪ್ಪು ಮೆಹಂದಿ ಬೇಡ. ಅದಕ್ಕೆ ಬೆರೆಸುವ ಪಿಪಿಡಿ ರಾಸಾಯನಿಕದಿಂದ ಚರ್ಮ ಬೊಬ್ಬೆಯೇಳಬಹುದು.

ಬುಡ ಕೆಂಪಾಗಿ ಬಾತು ಕೀವು ಕಂಡರೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳು ತೂರಿಸುವುದು ನಮ್ಮಲ್ಲಿ ರೂಢಿ. ಅದರಿಂದ ಕೀವು ಹೊರಬರುವುದಿಲ್ಲ. ಸೂಜಿಯಿಂದ ಚುಚ್ಚಲೂ ಹೋಗಬೇಡಿ. ವಿದ್ಯಾನಗರದ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಹೋಗಿ ತೋರಿಸಿ.