ರಕ್ಷಣಾ ಹಡಗಿಗೆ ವಯಸ್ಸಾಗುವುದು ಯಾವಾಗ?

ಜಲಾಂತರ್ಗಾಮಿ ಸಮುದ್ರದ ತಳದಲ್ಲಿ ಸಿಕ್ಕಿಕೊಂಡರೆ ರಕ್ಷಣಾ ಹಡಗು ಬಂದು ಅದನ್ನು ಮೇಲಕ್ಕೆತ್ತುತ್ತದೆ ಎಂದು ಹಲವರು ತಿಳಿದಿದ್ದಾರೆ. ಅಷ್ಟು ಸಮಯ ಒಳಗಿರುವವರಿಗೆ ಇರುವುದಿಲ್ಲ. 2000ರ ಆಗಸ್ಟ್‌ನಲ್ಲಿ ಮುಳುಗಿದ ರಷ್ಯಾದ ಕರ್ಸ್ಕ್‌ ಅನ್ನು ಎತ್ತಿದ್ದು 2001ರ ಅಕ್ಟೋಬರ್‌ನಲ್ಲಿ. ಅದರಲ್ಲಿದ್ದ 118 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಉಳಿಸಬೇಕಾದದ್ದು ಜನರನ್ನು. ಹಡಗಿನಿಂದ ಒಂದು ಕಿರು ರಕ್ಷಣಾ ನೌಕೆಯನ್ನು ಇಳಿಸುತ್ತಾರೆ. ಅದು ಜಲಾಂತರ್ಗಾಮಿಯ ಬಾಗಿಲ ಮೇಲೆ ಕೂತು, ನಡುವಿನ ನೀರನ್ನು ಹೊರಹಾಕಿ, ಒಳಗಿದ್ದವರನ್ನು ಕೆಲವರಂತೆ ಹತ್ತಿಸಿಕೊಂಡು ಬರುತ್ತದೆ. ಭಾರತದ ಇಂಥ ನೌಕೆ 650 ಮೀಟರ್ ಆಳದವರೆಗೆ ಇಳಿಯಬಲ್ಲದು. ರಾಮನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಹೆಚ್ಚುಕಡಿಮೆ ನಾವು ಕಡಲಿಗಿಂತ ಎಷ್ಟು ಮೇಲಿದ್ದೇವೋ ಅಷ್ಟು ಕೆಳಗೆ! ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಅಲ್ಲಿ ಅದು 65 ಪಟ್ಟು. ಒಳಗೆ ಕಾಯುವವರಿಗೆ ಆಮ್ಲಜನಕದ ಕೊರತೆಯಷ್ಟೇ ಅಪಾಯ ತಾವೇ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್. ಹಾಗಾಗಿ ಮೊದಲ 72 ಗಂಟೆಯೊಳಗೆ ರಕ್ಷಣೆ ಶುರುವಾಗಬೇಕು ಎಂಬುದು ಹಲವು ನೌಕಾಪಡೆಗಳ ಲೆಕ್ಕ.

ಈಗ ವಯಸ್ಸಿನ ಮಾತು. ಸೋವಿಯತ್ ಒಕ್ಕೂಟದಿಂದ ಬಂದ ನಮ್ಮ ಮೊದಲ ರಕ್ಷಣಾ ಹಡಗು ಐಎನ್‌ಎಸ್ ನಿಸ್ತಾರ್ 1971ರಲ್ಲಿ ಸೇವೆಗೆ ಸೇರಿತು. ('ನಿಸ್ತಾರ' ಎಂದರೆ ಪಾರಾಗುವುದು, ಕನ್ನಡ ನಿಘಂಟಿನಲ್ಲೂ ಇದೆ.) ಅದೇ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದ ಬಳಿ ಮುಳುಗಿದ ಪಾಕಿಸ್ತಾನದ ಘಾಜಿಯ ಅವಶೇಷಕ್ಕೆ ಇಳಿದವರು ಇದರ ಮುಳುಗುಗಾರರು. 1989ರಲ್ಲಿ ಅದು ನಿವೃತ್ತಿಯಾಯಿತು, ಕೇವಲ 18 ವರ್ಷಕ್ಕೆ.

ಆದರೆ ರಷ್ಯಾದ ಕೊಮ್ಮುನಾ 1915ರಲ್ಲಿ ಸೇವೆಗೆ ಸೇರಿ ನೂರು ವರ್ಷ ದಾಟಿದೆ! ಎರಡು ಒಡಲುಗಳ ಆ ಹಡಗಿನ ಕಬ್ಬಿಣ ಗಟ್ಟಿ, ನಿಜ. ಆದರೆ ಹೊಸ ಕಾಲದ ಕಿರುನೌಕೆಯನ್ನು ಹೊತ್ತು ಇಳಿಸಲು ಅದರಲ್ಲಿ ಜಾಗ ಸಿಕ್ಕಿತು. ಇಂಥ ಹಡಗಿನ ಆಯುಸ್ಸನ್ನು ತುಕ್ಕಿಗಿಂತ ಹೆಚ್ಚಾಗಿ ನಿರ್ಧರಿಸುವುದು ಇದು ಎಂದು ನಮಗನ್ನಿಸುತ್ತದೆ: ಇಂದಿನ ಜಲಾಂತರ್ಗಾಮಿ ಇಳಿಯುವ ಆಳಕ್ಕೆ ಈ ಹಡಗಿನ ಸಲಕರಣೆ ಮುಟ್ಟುತ್ತದೆಯೇ?

ಭಾರತದ ಕೈಗೆ ಸ್ವಂತ ಕಿರುನೌಕೆ ಬಂದದ್ದು 2018ರಲ್ಲಿ. ಅದಕ್ಕೆಂದೇ ಕಟ್ಟಿದ, 118 ಮೀಟರ್ ಉದ್ದದ ಹೊಸ ನಿಸ್ತಾರ್ ಸೇವೆಗೆ ಸೇರಿದ್ದು 2025ರ ಜುಲೈ 18ರಂದು, ವಿಶಾಖಪಟ್ಟಣದಲ್ಲಿ. ಅಲ್ಲಿಂದ ನಮ್ಮ ಕಾರವಾರದ ನೌಕಾನೆಲೆಗೆ ಬರಬೇಕಾದರೆ ಹಡಗು ದಕ್ಷಿಣದ ತುದಿಯನ್ನು ಸುತ್ತಿಯೇ ಬರಬೇಕು. ಆ 72 ಗಂಟೆಯಲ್ಲಿ ಬಹುಪಾಲು ದಾರಿಗೇ ಹೋಗಿಬಿಡುತ್ತದೆ. ಹಾಗಾಗಿಯೇ ಕಿರುನೌಕೆ ಎರಡಿವೆ, ಒಂದೊಂದು ಕರಾವಳಿಗೆ ಒಂದೊಂದು. ನಿಸ್ತಾರ್‌ನ ಜೊತೆಯಲ್ಲೇ 2022ರಲ್ಲಿ ನೀರಿಗಿಳಿದ ಇನ್ನೊಂದು ಹಡಗಿನ ಹೆಸರು ನಿಪುಣ್.