ಗೊಂಡೆ ಹೂವಿಗೆ ಗದ್ದೆಯಲ್ಲೂ ಸ್ಥಾನವಿರಲಿ

ಆಯುಧಪೂಜೆಯಂದು ಟಿಲ್ಲರಿಗೆ, ದೀಪಾವಳಿಯ ಗೋಪೂಜೆಯಂದು ದನಕರುಗಳ ಕೊರಳಿಗೆ ಗೊಂಡೆ ಹೂವಿನ ಮಾಲೆ ಹಾಕದ ಕೃಷಿಕರ ಮನೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ವಿರಳ. ಬಯಲುಸೀಮೆಯವರು ಚೆಂಡು ಹೂ ಎನ್ನುವುದೂ ಇದನ್ನೇ. ಆದರೆ ಹಬ್ಬದ ಹೂವು ಬಹುಮಟ್ಟಿಗೆ ಘಟ್ಟದ ಮೇಲಿನಿಂದ ಬಂದು ನಮ್ಮ ಪೇಟೆಯ ರಸ್ತೆಬದಿಯಲ್ಲಿ ಮಾರಾಟವಾಗುತ್ತದೆ. ಗದ್ದೆ, ಹಿತ್ತಲು ಇರುವ ನಾವೇ ಅದನ್ನು ಹಣ ಕೊಟ್ಟು ಕೊಳ್ಳುತ್ತೇವೆ. ಇದು ಬದಲಾಗಬೇಕೆಂಬುದು ನನ್ನ ಅಭಿಪ್ರಾಯ.

ಗೊಂಡೆಯ ತವರು ಮೆಕ್ಸಿಕೊ. ಅಲ್ಲಿನ ಜನರು ಇಂದಿಗೂ ನವೆಂಬರ್ ತಿಂಗಳ ಆರಂಭದಲ್ಲಿ ಗತಿಸಿದ ಹಿರಿಯರನ್ನು ಈ ಹೂವಿಟ್ಟು ನೆನೆಯುತ್ತಾರೆ. ಗೇರು, ಅನಾನಸು, ಮೆಣಸಿನಕಾಯಿಗಳಂತೆ ಇದೂ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದುದು. ಗೇರನ್ನು ತೋಟದ ಬೆಳೆಯಾಗಿಸಿಕೊಂಡ ನಾವು ಗೊಂಡೆಯನ್ನು ಮಾತ್ರ ಅಂಗಳದ ಗಿಡವಾಗಿಯೇ ಉಳಿಸಿದೆವು.

ಈ ಗಿಡದ ಗುಣ ಹೂವಿನಲ್ಲಷ್ಟೇ ಇಲ್ಲ. ಇದರ ಬೇರಿನಲ್ಲಿರುವ ಆಲ್ಫಾ ಟರ್ಥೈನಿಲ್ ಎಂಬ ವಸ್ತು, ತರಕಾರಿ ಬೆಳೆಗಳನ್ನು ಕಾಡುವ ಕೆಲವು ಬಗೆಯ ಜಂತುಹುಳುಗಳನ್ನು ಹತೋಟಿಯಲ್ಲಿಡುತ್ತದೆ. ಆದರೆ ಬದುವಿನಲ್ಲಿ ನಾಲ್ಕು ಗಿಡ ನೆಟ್ಟರೆ ಈ ಫಲ ದೊರೆಯದು. ಅದೇ ಮಡಿಯಲ್ಲಿ ಎರಡು ಮೂರು ತಿಂಗಳು ಒತ್ತಾಗಿ ಗೊಂಡೆ ಬೆಳೆದು, ಆನಂತರ ಬೆಂಡೆ, ಬದನೆ ಹಾಕಬೇಕು. ಟೊಮೇಟೊ ಬೆಳೆಯುವವರು 16 ಸಾಲಿಗೆ 1 ಸಾಲಿನಂತೆ ಗೊಂಡೆ ನೆಟ್ಟರೆ ಕಾಯಿಕೊರಕದ ಪತಂಗಗಳು ಅದರತ್ತ ಸೆಳೆಯಲ್ಪಡುತ್ತವೆ. ಇದಕ್ಕೆ 45 ದಿನದ ಗೊಂಡೆ ಸಸಿಯನ್ನೂ 25 ದಿನದ ಟೊಮೇಟೊ ಸಸಿಯನ್ನೂ ಒಟ್ಟಿಗೆ ನಾಟಿ ಮಾಡಬೇಕು. ಗೊಂಡೆಯಿದ್ದರೆ ಯಾವ ಕೀಟವೂ ಬಾರದೆಂದು ಮಾತ್ರ ನಂಬಬೇಡಿ. ಬದನೆಯ ಕುಡಿ ಮತ್ತು ಕಾಯಿಕೊರಕಕ್ಕೆ ಇದು ಮದ್ದಲ್ಲ.

ಕರಾವಳಿಯ ಮಳೆಗೆ ಗಿಡ ಕೊಳೆಯುತ್ತದೆ ಎಂಬ ಆಕ್ಷೇಪ ನ್ಯಾಯವಾದುದೇ. ಆದುದರಿಂದ ಬೈಲು ಗದ್ದೆ ಬೇಡ. ನೀರು ನಿಲ್ಲದ ಬೆಟ್ಟು ಜಾಗದಲ್ಲಿ ಏರುಮಡಿ ಮಾಡಿ. ಜುಲೈ ಕೊನೆಯಲ್ಲಿ ಚಪ್ಪರದಡಿ ಬಿತ್ತಿ, ಆಗಸ್ಟ್ ಕೊನೆಗೆ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಅಂತರದಲ್ಲಿ ನೆಟ್ಟರೆ ದೀಪಾವಳಿಯ ಹೊತ್ತಿಗೆ ಹೂವು ಸಿಗುತ್ತದೆ. ನಾಟಿಯಾದ ತಿಂಗಳಿಗೆ ಕುಡಿ ಚಿವುಟಿದರೆ ಕವಲು ಹೆಚ್ಚು. ಭತ್ತದ ಕಟಾವಿನ ನಂತರ ನೆಲಗಡಲೆಯ ಗದ್ದೆಯ ಒಂದು ಮೂಲೆಯಲ್ಲಿ ನೆಟ್ಟರೆ ಜಾತ್ರೆಗಳ ಕಾಲಕ್ಕೆ ಒದಗುತ್ತದೆ.

ಹಬ್ಬ ಕಳೆದ ಮರುದಿನ ಹೂವನ್ನು ಕೇಳುವವರಿಲ್ಲ. ಎಲ್ಲರೂ ಒಂದೇ ದಿನಕ್ಕೆ ಬೆಳೆದರೆ ಬೆಲೆ ಕುಸಿಯುವುದೂ ಖಂಡಿತ. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಗಿಡ ನೆಡುವ ಜಾಣ್ಮೆ ನಮ್ಮ ನೆರೆಯಲ್ಲೇ ಇದೆ. ಹೆಮ್ಮಾಡಿಯ ಸೇವಂತಿಗೆ ಬೆಳೆಗಾರರು ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಯನ್ನು ಕಣ್ಣೆದುರಿಟ್ಟುಕೊಂಡೇ ಕೃಷಿ ಮಾಡುತ್ತಾರೆ. ಗೊಂಡೆಗೂ ಅದೇ ಲೆಕ್ಕ ಬೇಕು.

ರೈತ ಬಾಂಧವರೇ, ಮೊದಲ ವರ್ಷ ಐದು ಸೆಂಟ್ಸ್ ಸಾಕು. ನೆರೆಹೊರೆಯ ನಾಲ್ಕಾರು ಮಂದಿ ಕೂಡಿ, ಹದಿನೈದು ದಿನಗಳ ಅಂತರದಲ್ಲಿ ನಾಟಿ ಹಂಚಿಕೊಳ್ಳಿ. ಸಸಿ ನೆಡುವ ಮೊದಲೇ ದೇವಸ್ಥಾನದವರೊಡನೆಯೂ ಹೂವಿನಂಗಡಿಯವರೊಡನೆಯೂ ಮಾತನಾಡಿ. ತಳಿ ಮತ್ತು ಗೊಬ್ಬರದ ವಿಷಯಕ್ಕೆ ಬ್ರಹ್ಮಾವರದ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಮಾರಿ ಉಳಿದ ಹೂವು ಮನೆಯ ಗೋಪೂಜೆಗಾಯಿತು. ಗಿಡ ಬೆಳೆದ ಮಡಿ ಮುಂದಿನ ತರಕಾರಿಗಾಯಿತು. ಹೂವು ಕೊಳ್ಳುವ ಖರ್ಚಂತೂ ಉಳಿಯಿತಲ್ಲ!