ಬಹುಮಾನಕ್ಕೂ ಉಂಟು ಬೇಲಿ

ಬಾವಲಿ ಹಾರುತ್ತದೆ, ಆದರೂ ಅದು ಹಕ್ಕಿಯಲ್ಲ. ಮರಿ ಹಾಕಿ ಹಾಲೂಡಿಸುವುದರಿಂದ ಅದು ಸಸ್ತನಿ. ಜೀವವಿಜ್ಞಾನದ ವರ್ಗೀಕರಣಕ್ಕೆ ಇಂಥ ಲಕ್ಷಣಗಳ ಆಧಾರವಿದೆ. ಸಂಗೀತವನ್ನು ವರ್ಗೀಕರಿಸಲು ಏನು ಆಧಾರ? ಅಮೆರಿಕದ ‘ಕಂಟ್ರಿ’ ಸಂಗೀತದ ಪ್ರಶಸ್ತಿಗಳ ಕಥೆ ಕೇಳಿದರೆ ಈ ಪ್ರಶ್ನೆ ಏಳದೆ ಇರದು.

ಕಂಟ್ರಿ ಎಂದರೆ ಅಲ್ಲಿನ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಲ್ಲಿ ಬೆಳೆದ ಹಾಡುಗಾರಿಕೆ. ಗಿಟಾರ್, ಪಿಟೀಲು, ಬ್ಯಾಂಜೊ ಅದರ ವಾದ್ಯಗಳು. 1958ರಲ್ಲಿ ಹುಟ್ಟಿದ ‘ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್’ 1967ರಲ್ಲಿ ನ್ಯಾಷ್‌ವಿಲ್ ನಗರದಲ್ಲಿ ಮೊದಲ ಸಲ ಪ್ರಶಸ್ತಿಗಳನ್ನು ಕೊಟ್ಟಿತು. ಮತ ಹಾಕುವವರು ಸಂಘದ ಸದಸ್ಯರೇ. ಎಲ್ಲಕ್ಕಿಂತ ದೊಡ್ಡದು ‘ವರ್ಷದ ಮನರಂಜಕ’ ಪ್ರಶಸ್ತಿ. ಮೊದಲ ವರ್ಷ ಅದು ಎಡ್ಡಿ ಆರ್ನಾಲ್ಡ್‌ಗೆ ಸಂದಿತು. 1971ರಲ್ಲಿ ಕಪ್ಪುವರ್ಣೀಯ ಗಾಯಕ ಚಾರ್ಲಿ ಪ್ರೈಡ್, 1972ರಲ್ಲಿ ಮೊದಲ ಮಹಿಳೆಯಾಗಿ ಲೊರೆಟಾ ಲಿನ್ ಅದನ್ನು ಪಡೆದರು.

‘ವರ್ಷದ ಸಿಂಗಲ್’ ಮತ್ತು ‘ವರ್ಷದ ಹಾಡು’ ಎಂಬ ಎರಡು ವಿಭಾಗಗಳಿವೆ. ಎರಡೂ ಒಂದೇ ಅಲ್ಲವೆ ಎನ್ನಬೇಡಿ. ಮೊದಲನೆಯದು ಧ್ವನಿಮುದ್ರಿಕೆಗೆ; ಅದು ಹಾಡಿದವರಿಗೂ ನಿರ್ಮಾಪಕರಿಗೂ ಸಲ್ಲುತ್ತದೆ. ಎರಡನೆಯದು ಹಾಡನ್ನು ರಚಿಸಿದವರಿಗೆ. ಟ್ರೇಸಿ ಚಾಪ್‌ಮನ್ ತಾವೇ ಬರೆದು ಹಾಡಿದ ‘ಫಾಸ್ಟ್ ಕಾರ್’ 1988ರಲ್ಲಿ ಬಂದಿತ್ತು. ಲ್ಯೂಕ್ ಕೂಂಬ್ಸ್ ಅದನ್ನು ಮತ್ತೆ ಹಾಡಿದಾಗ, 2023ರಲ್ಲಿ ಸಿಂಗಲ್ ಪ್ರಶಸ್ತಿ ಅವರಿಗೆ ಬಂತು. ಹಾಡಿನ ಪ್ರಶಸ್ತಿ ಚಾಪ್‌ಮನ್ ಅವರಿಗೆ. ಈ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪುವರ್ಣೀಯರು ಆಕೆ. ವಿಭಾಗ ಒಂದೇ ಆಗಿದ್ದರೆ, ಬರೆದ ಕೈಯನ್ನು ಯಾರು ನೆನೆಯುತ್ತಿದ್ದರು?

ವಿಭಾಗಗಳಿಂದ ಆಗುವ ಒಳಿತು ಇದು. ಆದರೆ ಅದೇ ಗೆರೆ ಬೇಲಿಯೂ ಆಗಬಲ್ಲದು. 1974ರಲ್ಲಿ ಆಸ್ಟ್ರೇಲಿಯದಲ್ಲಿ ಬೆಳೆದ ಒಲಿವಿಯಾ ನ್ಯೂಟನ್-ಜಾನ್ ಶ್ರೇಷ್ಠ ಗಾಯಕಿ ಎನಿಸಿದಾಗ ಕೆಲವು ಕಂಟ್ರಿ ಕಲಾವಿದರು ಸಿಟ್ಟಾಗಿ ಬೇರೆ ಸಂಘವನ್ನೇ ಕಟ್ಟಿದರು. ಮರುವರ್ಷ ‘ವರ್ಷದ ಮನರಂಜಕ’ನ ಹೆಸರು ಓದಲು ಬಂದ ಚಾರ್ಲಿ ರಿಚ್, ವೇದಿಕೆಯ ಮೇಲೆಯೇ ಆ ಚೀಟಿಗೆ ಬೆಂಕಿ ಹಚ್ಚಿ ಜಾನ್ ಡೆನ್ವರ್ ಹೆಸರು ಹೇಳಿದರು!

ಜಗಳ ಇನ್ನೂ ಮುಗಿದಿಲ್ಲ. ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ 2024ರಲ್ಲಿ ಹೊರಬಂತು. ಆ ವರ್ಷ ನ್ಯಾಷ್‌ವಿಲ್‌ನ ಸಂಘ ಅದನ್ನು ಒಂದು ವಿಭಾಗಕ್ಕೂ ನಾಮಕರಣ ಮಾಡಲಿಲ್ಲ. 2025ರ ಫೆಬ್ರುವರಿಯಲ್ಲಿ ಗ್ರ್ಯಾಮಿಯವರು ಅದನ್ನೇ ಶ್ರೇಷ್ಠ ಕಂಟ್ರಿ ಆಲ್ಬಮ್ ಎಂದು ಆರಿಸಿದರು. ಕೆಲವೇ ತಿಂಗಳಲ್ಲಿ ಗ್ರ್ಯಾಮಿ ಆ ವಿಭಾಗವನ್ನು ‘ಸಾಂಪ್ರದಾಯಿಕ’ ಮತ್ತು ‘ಸಮಕಾಲೀನ’ ಎಂದು ಎರಡಾಗಿ ಒಡೆಯಿತು. 2026ರಿಂದ ಅದು ಜಾರಿಗೆ ಬಂತು.

ಹೊಸ ಜೀವಿಯೊಂದು ಸಿಕ್ಕಿ, ಇರುವ ಯಾವ ವರ್ಗಕ್ಕೂ ಹೊಂದದಿದ್ದರೆ ವಿಜ್ಞಾನಿಗಳು ಜೀವಿಯನ್ನು ಬಿಸಾಡುವುದಿಲ್ಲ, ಪಟ್ಟಿಯನ್ನು ತಿದ್ದುತ್ತಾರೆ. ಕಂಟ್ರಿಯ ಗುರುತೇ ಆಗಿರುವ ಬ್ಯಾಂಜೊ ಹುಟ್ಟಿದ್ದು ಗುಲಾಮರಾಗಿ ಬಂದ ಆಫ್ರಿಕನ್ನರ ಕೈಯಲ್ಲಿ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ಮತ ಹಾಕುವ ಮುನ್ನ ಸಂಘದ ಸದಸ್ಯರು ಇದನ್ನೊಮ್ಮೆ ನೆನೆಯುವುದು ಒಳ್ಳೆಯದು.